ಗಾಳಿಗೆ ತಕ್ಕ ಗಾಲಿ

ಕಳೆದ ವರ್ಷ ಏಪ್ರಿಲ್‌ನಲ್ಲಿ, ಮಗ್ರಿಸ್ ಬೆಟ್ಟದ ಏರಿನಲ್ಲಿ, ತುದಿಗೆ ಇನ್ನು ನಾಲ್ಕು ಕಿಲೋಮೀಟರ್ ಇದ್ದಾಗ, ನನ್ನ ಸೈಕಲ್ಲಿನ ಹಿಂದಿನ ಗಾಲಿಯನ್ನು ಬಿಚ್ಚಿ ವಾಯಿಲನಿಗೆ ಕೊಟ್ಟರು. ಆಗ ನಾನು ಎಲ್ಲರಿಗಿಂತ ಐವತ್ತು ಸೆಕೆಂಡು ಮುಂದಿದ್ದೆ.

ವಾಯಿಲ್ ಆರನೆಯವನಾಗಿ ಹಿಂದೆ ಬರುತ್ತಿದ್ದ. ಅವನ ಟಯರಿಗೆ ಗಾಜು ಚುಚ್ಚಿತ್ತು. ಬದಲಿ ಗಾಲಿಗಳಿದ್ದ ಕಾರು ಕೆಳಗೆಲ್ಲೋ ಗುಂಪಿನ ಬೆನ್ನಿಗೆ ಸಿಕ್ಕಿಕೊಂಡಿತ್ತು. ಮ್ಯಾನೇಜರ್ ತಾಹರ್, ನಾವೆಲ್ಲ ಗೌರವಕ್ಕೆ ಸಿ ತಾಹರ್ ಎನ್ನುವವನು, ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ಪಕ್ಕಕ್ಕೆ ಬಂದು "ನಿಲ್ಲು" ಎಂದ. ನಿಂತೆ. ವಾಯಿಲ್ ಪಂಕ್ಚರಾದ ಗಾಲಿಯಲ್ಲೇ ತೆವಳಿಕೊಂಡು ಬರುವಷ್ಟರಲ್ಲಿ ನಾಲ್ವರು ನನ್ನನ್ನು ದಾಟಿ ಹೋದರು. ಗಾಲಿ ಬದಲಾಯಿಸಲು ಹನ್ನೊಂದು ಸೆಕೆಂಡು ಹಿಡಿಯಿತು. ಆ ದಿನ ಅವನು ಮೂರನೆಯವನಾದ. ನಾನು ಅವನ ಚಪ್ಪಟೆ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಬದಿಯಲ್ಲಿ ಕೂತಿದ್ದು, ಎಲ್ಲರಿಗಿಂತ ಕೊನೆಯಲ್ಲಿ ಬರುವ ಲಾರಿ ಹತ್ತಿದೆ.

ಅವನ ಗಾಲಿಯನ್ನು ಅದೇ ಸಂಜೆ ನನ್ನ ಕೈಯಿಂದ ತೆಗೆದುಕೊಂಡರು. ನನ್ನದು ವಾಪಸು ಬರಲು ಒಂದು ವಾರವಾಯಿತು. ಮೂರು ಸ್ಪೋಕು ಮುರಿದಿದ್ದವು, ರಿಮ್ಮು ಬಿರುಕು ಬಿಟ್ಟಿತ್ತು. ಪತ್ರಿಕೆಯಲ್ಲಿ ವಾಯಿಲನ ಫೋಟೋ ಬಂತು. ಫೋಟೋದಲ್ಲಿ ನನ್ನ ಗಾಲಿ ಚೆನ್ನಾಗಿ ಕಾಣುತ್ತಿತ್ತು.

ನಾನು ಲಖ್ದರ್. ಸೆತೀಫ್ ಊರಾಚೆಯ ಟೈಲ್ಸ್ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸ. ಕಾರ್ಖಾನೆಯ ಮಾಲೀಕನೇ ನಮ್ಮ ಸೈಕಲ್ ಕ್ಲಬ್ಬಿನ ಅಧ್ಯಕ್ಷ. ಸವಾರರು ನಾವು ಏಳು ಜನ: ಭಟ್ಟಿಯಲ್ಲೂ ಗೋದಾಮಿನಲ್ಲೂ ದುಡಿಯುವವರು ಆರು, ಮಾಲೀಕನ ಸೋದರಳಿಯ ಒಬ್ಬ. ಆ ಒಬ್ಬನೇ ವಾಯಿಲ್. ಅವನು ಗೆಲ್ಲಬೇಕಾದವನು. ನಾವು ಅವನ ಮುಂದೆ ಗಾಳಿಗೆ ಎದೆಕೊಟ್ಟು ತುಳಿಯಬೇಕಾದವರು, ಕಾರಿನಿಂದ ಬಾಟಲಿ ತಂದು ಕೊಡಬೇಕಾದವರು. ಇಂಥವನನ್ನು ನಮ್ಮ ಕಡೆ ಗೆರ್ರಾಬ್ ಎನ್ನುತ್ತಾರೆ. ಹಿಂದೆ ತೊಗಲಿನ ಚೀಲದಲ್ಲಿ ನೀರು ಹೊತ್ತು ಬೀದಿ ಬೀದಿ ಅಲೆಯುತ್ತಿದ್ದವನ ಹೆಸರದು. ಅವನಿಗಾದರೂ ನೀರು ಕುಡಿದವರು ಕಾಸು ಕೊಡುತ್ತಿದ್ದರು.

ರೇಸಿಗಿಳಿಯಲು ಬೇಕಾದ ನನ್ನ ಪರವಾನಗಿ ಸಿ ತಾಹರನ ಕಬ್ಬಿಣದ ಕಪಾಟಿನಲ್ಲಿರುತ್ತದೆ. ರೇಸಿನ ಬೆಳಿಗ್ಗೆ ಹೊರಗೆ ಬರುತ್ತದೆ, ಸಂಜೆ ಒಳಗೆ ಹೋಗುತ್ತದೆ. ಬೇರೆ ಕ್ಲಬ್ಬು ಸೇರಬೇಕೆಂದರೆ ಇವರು ಬಿಡುಗಡೆ ಪತ್ರ ಕೊಡಬೇಕು. ಈ ಪದವನ್ನು ಜೈಲಿನಲ್ಲಿ ಬಳಸುತ್ತಾರೆ, ಆಮೇಲೆ ನಮ್ಮ ಆಟದಲ್ಲಿ. ಕ್ಲಬ್ಬು ಬಿಟ್ಟವನಿಗೆ ಭಟ್ಟಿಯಲ್ಲಿ ಕೆಲಸವಿಲ್ಲ. ಇದನ್ನು ಎಲ್ಲೂ ಬರೆದಿಲ್ಲ, ಯಾರೂ ಮರೆತಿಲ್ಲ.

ಈ ವರ್ಷ ಒಂದು ಬಾಗಿಲು ತೆರೆಯಿತು. ಮೇ ತಿಂಗಳ ಮೂರು ದಿನದ ರೇಸಿನಲ್ಲಿ ಮೊದಲ ಐವರೊಳಗೆ ಬಂದವರನ್ನು ರಾಜಧಾನಿಯ ಶಿಬಿರಕ್ಕೆ ಕರೆಯುತ್ತಾರೆಂದು ಸುದ್ದಿ ಬಂತು. ಶಿಬಿರ ಸೇರಿದವನ ಪರವಾನಗಿ ಶಿಬಿರದ್ದು, ಸಂಬಳವೂ ಅಲ್ಲಿಂದಲೇ. ಮೂವತ್ತು ತುಂಬಿದವರನ್ನು ಕರೆಯುವುದಿಲ್ಲ. ನನಗೆ ನವೆಂಬರಿನಲ್ಲಿ ಮೂವತ್ತು ತುಂಬುತ್ತದೆ.

ಕಾಲು ಇತ್ತು. ಗಾಲಿ ಬೇಕಿತ್ತು. ಎರಡು ಚಳಿಗಾಲ ಭಟ್ಟಿಯಲ್ಲಿ ಜೋಡಿ ಪಾಳಿ ಮಾಡಿ ಹನ್ನೆರಡು ಮಿಲಿಯನ್ ಕೂಡಿಸಿದ್ದೆ. ನೋಟಿನ ಮೇಲೆ ನೋಡಿದರೆ ಅದು ಒಂದು ಲಕ್ಷ ಇಪ್ಪತ್ತು ಸಾವಿರ ದಿನಾರ್. ದಿನಾರಿಗೆ ನೂರರಂತೆ ಇದ್ದ ಸಾಂತೀಮ್ ನಾಣ್ಯ ಕಣ್ಣಿಗೆ ಬೀಳುವುದು ನಿಂತು ಎಷ್ಟೋ ಕಾಲವಾಯಿತು, ನಾವು ಮಾತ್ರ ಇನ್ನೂ ಅದರಲ್ಲೇ ಎಣಿಸುತ್ತೇವೆ. ಹಾಗೆ ಎಣಿಸಿದರೆ ಭಟ್ಟಿಯವನ ಬಾಯಿಗೂ ಮಿಲಿಯನ್ ಬರುತ್ತದೆ.

ಶೇಖ್ ಲಾಮ್ರಿಯ ಅಂಗಡಿ ಕಾರಂಜಿಯ ಹಿಂದಿನ ಓಣಿಯಲ್ಲಿದೆ. ಎಪ್ಪತ್ತು ದಾಟಿದ ಮನುಷ್ಯ. ಕಣ್ಣು ಮಂಜಾಗಿದೆ, ಆದರೆ ಗಾಲಿ ಕಟ್ಟುವುದಕ್ಕೆ ಅವನಿಗೆ ಕಣ್ಣು ಬೇಡ. ಸ್ಪೋಕುಗಳನ್ನು ಬೆರಳಿನಿಂದ ಮೀಟಿ, ಕಿವಿಗೊಟ್ಟು, ಯಾವುದು ಸಡಿಲ ಯಾವುದು ಬಿಗಿ ಎಂದು ಹೇಳುತ್ತಾನೆ. ನನ್ನ ಹಳೆಯ ಗಾಲಿಯನ್ನು ಒಂದು ಸುತ್ತು ತಿರುಗಿಸಿ ನೆಲಕ್ಕಿಟ್ಟ.

"ಇದನ್ನ ಯಾಕಪ್ಪಾ ತಂದೆ? ಇದಕ್ಕೆ ಡಾಕ್ಟರ್ ಬೇಡ, ಇಮಾಮ್ ಬೇಕು."

"ಹೊಸದು ಬೇಕು ಶೇಖ್. ಹನ್ನೆರಡರೊಳಗೆ."

"ಎಂಥದ್ದು?"

"ಹಗುರದ್ದು."

"ಎಲ್ಲರ ಬಾಯಲ್ಲೂ ಇದೊಂದೇ. ಹಗುರ ಆಗ್ಬೇಕು ಅಂದ್ರೆ ನಿನ್ನ ಹೆಂಡತಿ ಮಾಡೋ ಬರಾಜ್ ಎರಡು ಕಮ್ಮಿ ತಿನ್ನು. ಪುಕ್ಕಟೆ ಆಗುತ್ತೆ." ಖರ್ಜೂರ ತುಂಬಿದ ಆ ರೊಟ್ಟಿಯ ಒಂದು ತುಂಡು ಆಗ ನನ್ನ ಜೇಬಿನಲ್ಲೇ ಇತ್ತು. ಅದು ಅವನಿಗೆ ಹೇಗೆ ಗೊತ್ತಾಯಿತೋ. "ಕೇಳಿಲ್ಲಿ. ಈ ಕಡೆ ಏರು ಎಷ್ಟಿದೆ? ಮಗ್ರಿಸ್ ಒಂದು. ಮಿಕ್ಕಿದ್ದೆಲ್ಲ ಬಯಲು. ಬಯಲಲ್ಲಿ ಏನಿದೆ? ಗಾಳಿ. ಅದೂ ಮರ್ಯಾದಸ್ಥರ ಹಾಗೆ ಎದುರಿಂದ ಬರಲ್ಲ, ಪಕ್ಕದಿಂದ ನುಗ್ಗುತ್ತೆ. ಎತ್ತರದ ರಿಮ್ಮು ಹಾಕ್ಕೊಂಡು ಆ ದಾರೀಲಿ ಹೋಗೋದು ಒಂದೇ, ಸೈಕಲ್‌ಗೆ ಹಾಯಿ ಕಟ್ಟೋದು ಒಂದೇ."

"ಮತ್ತೆ?"

"ಗಿಡ್ಡ ರಿಮ್ಮು. ಅಲ್ಯೂಮಿನಿಯಮ್ದು. ಮುಂದೆ ಇಪ್ಪತ್ತನಾಲ್ಕು ಸ್ಪೋಕು, ಹಿಂದೆ ಇಪ್ಪತ್ತೆಂಟು. ದುಡ್ಡನ್ನೆಲ್ಲ ನಡುವಿನ ಹಬ್‌ಗೆ ಹಾಕು. ರಿಮ್ಮು ಬ್ರೇಕಿಗೆ ಸವೆಯುತ್ತೆ, ಸ್ಪೋಕು ಗುಂಡಿಗೆ ಮುರಿಯುತ್ತೆ. ಹಬ್ ಒಳ್ಳೇದಿತ್ತು ಅಂದ್ರೆ ಹತ್ತು ವರ್ಷ ಅದರ ಮೇಲೇ ಮತ್ತೆ ಮತ್ತೆ ಕಟ್ಕೋಬಹುದು. ಹಳೇದಕ್ಕಿಂತ ಕಾಲು ಕಿಲೋ ಕಮ್ಮಿ ತೂಗುತ್ತೆ. ಸಾಕಲ್ವಾ?"

ಸಾಕಾಗಿತ್ತು. ಆದರೆ ಅವನು ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ನನ್ನ ಮುಖವಿದ್ದ ಕಡೆ ನೋಡಿದ.

"ಕಟ್ಟೋದೇನೋ ನಾನು ಕಟ್ತೀನಿ. ಯಾರಿಗೆ ಕಟ್ತಿದೀನಿ ಅನ್ನೋದು ಹೇಳು. ಕೆಟ್ಟ ಗಾಲಿ ತಗೊಂಡ್ರೆ ಅದು ನಿಂದು. ಒಳ್ಳೇದು ತಗೊಂಡ್ರೆ ವಾಯಿಲ್‌ದು."

ನಾನು ಅಷ್ಟು ದಿನ ಸುತ್ತಿ ಬಳಸಿ ಯೋಚಿಸುತ್ತಿದ್ದುದನ್ನು ಅವನು ಎರಡು ಮಾತಿನಲ್ಲಿ ಮುಗಿಸಿದ್ದ. ಕ್ಲಬ್ಬಿನ ಏಳೂ ಸೈಕಲ್ಲುಗಳು ಒಂದೇ ಅಳತೆಯವು. ಒಬ್ಬನ ಗಾಲಿ ಇನ್ನೊಬ್ಬನಿಗೆ ಕೂರಲಿ ಎಂದೇ ಹಾಗೆ ತರಿಸಿದ್ದು. ಇನ್ನೊಬ್ಬ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

"ಡಿಸ್ಕ್ ಬ್ರೇಕಿನ ಗಾಲಿ ತಗೊಂಡ್ರೆ? ಅದು ಅವನ ಸೈಕಲ್‌ಗೆ ಕೂರಲ್ಲ ಅಲ್ವಾ?" ಎಂದೆ.

"ಕೂರಲ್ಲ."

"ಹಂಗಾದ್ರೆ—"

"ನಿಂದಕ್ಕೂ ಕೂರಲ್ಲ, ಪೆದ್ದ."

ಶುಕ್ರವಾರ ರಜೆಯಿತ್ತು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಂಡತಿ ಝೊಹ್ರಾಳನ್ನು ಕರೆದುಕೊಂಡು ಎಲ್ ಎಲ್ಮಾದ ಪೇಟೆಗೆ ಹೋದೆ. ಹಡಗಿನಲ್ಲಿ ಬಂದದ್ದೆಲ್ಲ ಅಲ್ಲಿ ಸಿಗುತ್ತದೆ. ಹೇಗೆ ಬಂತೆಂದು ಕೇಳಬಾರದು, ಅಷ್ಟೆ. ಲಾಮ್ರಿಯ ಮಾತು ಸರಿ ಎಂದು ಗೊತ್ತಿದ್ದೂ ನನ್ನ ಕಣ್ಣು ಬೇರೆ ಕಡೆ ಎಳೆಯುತ್ತಿತ್ತು. ಝೊಹ್ರಾ ಹೊಲಿಗೆಯವಳು. ಬಟ್ಟೆಯನ್ನು ಮುಟ್ಟಿ ನೋಡುವ ಹಾಗೆ ಎಲ್ಲವನ್ನೂ ಮುಟ್ಟಿ ನೋಡುತ್ತಾಳೆ.

ಅಂಗಡಿಯವನು ಕಪ್ಪಗೆ ಮಿಂಚುವ ಒಂದು ಜೊತೆ ಇಳಿಸಿದ. ಕಾರ್ಬನ್. ರಿಮ್ಮು ಐದು ಸೆಂಟಿಮೀಟರ್ ಎತ್ತರ. ಎತ್ತಿದರೆ ಕೈಗೆ ಏನೂ ಇಲ್ಲ ಎನ್ನಿಸುವಷ್ಟು ಹಗುರ.

"ಹನ್ನೆರಡಕ್ಕೆ ಇದನ್ನ ಕೊಡೋನು ಇಡೀ ಪೇಟೇಲಿ ನಾನೊಬ್ಬನೇ ಅಣ್ಣಾ. ಟೈಲ್ಸ್ ಕ್ಲಬ್ಬಿನ ವಾಯಿಲ್ ಇಲ್ವಾ, ಅವನು ಈ ಸಲ ಇದನ್ನೇ ಹಾಕಿರೋದು. ಅವನನ್ನ ನೋಡಿದೀರಾ?"

"ಬೆನ್ನು ನೋಡಿದೀನಿ."

"ಹೋದ ವರ್ಷ ಮಗ್ರಿಸ್ ಹೆಂಗೆ ಹತ್ತಿದ ಗೊತ್ತಾ?"

"ಗೊತ್ತು," ಎಂದಳು ಝೊಹ್ರಾ. "ಇವರ ಗಾಲಿ ಹಾಕ್ಕೊಂಡು."

ಅಂಗಡಿಯವನು ತಮಾಷೆ ಎಂದುಕೊಂಡು ನಕ್ಕ. ಅವಳು ರಿಮ್ಮಿನ ಮೇಲೆ ಬೆರಳಾಡಿಸುತ್ತಿದ್ದಳು.

"ಇದರ ಮೇಲೆ ಹೆಸರೇ ಇಲ್ವಲ್ಲ?"

"ಯಾವ ಹೆಸರು ಬೇಕು ಹೇಳಿ ಅಕ್ಕಾ, ಅಂಟಿಸಿ ಕೊಡ್ತೀನಿ. ಇಟಲಿದು ಇದೆ, ಫ್ರಾನ್ಸ್‌ದು ಇದೆ."

"ಮುರಿದ್ರೆ?"

"ಮುರಿಯಲ್ಲ."

"ಮುರಿದ್ರೆ ಅಂತ ಕೇಳಿದೆ. ಆವಾಗ ಜಗಳಕ್ಕೆ ಬರೋದು ನಾನು. ಇವ್ರು ಆಸ್ಪತ್ರೇಲಿ ಇರ್ತಾರೆ. ಅದಕ್ಕೇ ನಿನ್ನ ಮುಖ ಸರಿಯಾಗಿ ನೋಡ್ಕೊಳ್ತಿದೀನಿ."

ಅವನು ಬೆಳಕಿನಲ್ಲಿ ತೋರಿಸುತ್ತೇನೆಂದು ಮುಂದಿನ ಗಾಲಿಯನ್ನು ಎತ್ತಿ ಬಾಗಿಲ ಹೊರಗೆ ಹಿಡಿದ. ಓಣಿಯಲ್ಲಿ ಗಾಳಿ ಬೀಸುತ್ತಿತ್ತು. ಗಾಲಿ ಅವನ ಕೈಯಲ್ಲಿ ಹೊರಳಿತು, ಅವನು ಎರಡೂ ಕೈ ಹಾಕಿ ಎದೆಗವಚಿಕೊಂಡ. ನಾನು ಹಣವನ್ನು ಜೇಬಿನಲ್ಲೇ ಬಿಟ್ಟೆ. ದಾರಿಯಲ್ಲಿ ಝೊಹ್ರಾ, "ಕೂಸನ್ನ ಎತ್ಕೊಂಡ ಹಾಗೆ ಹಿಡ್ಕೊಂಡಿದ್ದ ನೋಡು," ಎಂದು ಬಸ್ಸಿನುದ್ದಕ್ಕೂ ನಗುತ್ತಿದ್ದಳು. ನಾನೂ ನಕ್ಕೆ. ಆದರೆ ಇಳಿಯುವ ಹೊತ್ತಿಗೆ ಲಾಮ್ರಿಯ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತ್ತು.

ಸೋಮವಾರ ಪಾಳಿ ಮುಗಿಸಿ ಹೊರಬರುವಾಗ ಗೇಟಿನಲ್ಲಿ ಸಿ ತಾಹರ್ ಕಾದಿದ್ದ. ಅವನು ಕೂಗಾಡುವ ಮನುಷ್ಯನಲ್ಲ. ಕೂಗಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಹೆಗಲ ಮೇಲೆ ಕೈ ಹಾಕಿದ. ನನ್ನ ಅಂಗಿಯಲ್ಲಿ ಭಟ್ಟಿಯ ಬೂದಿಯಿತ್ತು, ಅವನಿಗೆ ಅದರ ಅಸಹ್ಯವಿರಲಿಲ್ಲ.

"ಗಾಲಿ ತಗೋತಿದೀಯಂತೆ. ಮಬ್ರೂಕ್, ಒಳ್ಳೇದಾಗ್ಲಿ."

"ಇನ್ನೂ ತಗೊಂಡಿಲ್ಲ ಸಿ ತಾಹರ್."

"ತಗೋ, ತಗೋ. ಒಳ್ಳೇದನ್ನೇ ತಗೋ. ತಂಡಕ್ಕೇ ಬಲ. ನಿನ್ನ ಹತ್ರ ಒಂದು ಒಳ್ಳೇ ಜೊತೆ ಇದ್ರೆ ವಾಯಿಲ್ ಪಕ್ಕದಲ್ಲೇ ಒಂದು ಬದಲಿ ಜೊತೆ ಓಡ್ತಿದ್ದ ಹಾಗೆ. ಕಾರು ಕಾಯೋ ಗೋಜಿಲ್ಲ."

"ಈ ಸಲ ನಾನೂ ಮೊದಲ ಐದರಲ್ಲಿ ನೋಡೋಣ ಅಂತಿದ್ದೆ."

ಅವನು ನಗಲಿಲ್ಲ. ನಕ್ಕಿದ್ದರೆ ಅದೂ ಸುಲಭವಾಗುತ್ತಿತ್ತು.

"ನಾನು ಹನ್ನೆರಡು ವರ್ಷ ನೀರು ಹೊತ್ತೆ ಲಖ್ದರ್. ನಿಂಗೆ ಗೊತ್ತಾ, ಒಂದ್ಸಲ ನಾನೂ ಮುಂದಿದ್ದೆ. ನಿಲ್ಲು ಅಂದ್ರು, ನಿಂತೆ. ಅದಕ್ಕೇ ಇವತ್ತು ಮ್ಯಾನೇಜರ್ ಆಗಿದೀನಿ. ಅವತ್ತು ನಿಲ್ಲದೆ ಹೋದ ಇನ್ನೊಬ್ಬನಿದ್ದ. ಅವನ ಹೆಸರು ಹೇಳು ನೋಡೋಣ?"

"ಗೊತ್ತಿಲ್ಲ."

"ಗೊತ್ತಿರಲ್ಲ. ಯಾರಿಗೂ ಗೊತ್ತಿಲ್ಲ." ಹೆಗಲನ್ನು ಎರಡು ಸಲ ತಟ್ಟಿದ. "ಇನ್ನೆರಡು ವರ್ಷ ನೀರು ಹೊರು. ಆಮೇಲೆ ನಿನ್ನ ನನ್ನ ಸಹಾಯಕ ಮಾಡ್ಕೋತೀನಿ. ಅಧ್ಯಕ್ಷರ ಹತ್ರ ಆಗಲೇ ಮಾತಾಡಿದೀನಿ."

ಮನೆಗೆ ನಡೆದುಕೊಂಡು ಹೋದೆ. ಮಗ್ರಿಸ್ ರೇಸಿನ ಮರುದಿನ ಪತ್ರಿಕೆಯವರು ನನ್ನದನ್ನು ತ್ಯಾಗ ಎಂದು ಬರೆದಿದ್ದರು. ಕೊಡುವುದಿಲ್ಲ ಎನ್ನಲು ದಾರಿಯೇ ಇಲ್ಲದವನ ಕೈಯಿಂದ ಕಿತ್ತುಕೊಂಡರೆ ಅದಕ್ಕೆ ಆ ಹೆಸರು ಹೇಗೆ ಬಂತು? ಕೋಳಿಯೂ ತ್ಯಾಗಿಯೇ ಹಾಗಾದರೆ. ಸಿ ತಾಹರನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಕಣ್ಣ ಮುಂದೆ ಬಂದದ್ದು ಅವನ ಸಿಟ್ಟಿಲ್ಲದ ಮುಖವೇ. ಇನ್ನು ಹದಿನೈದು ವರ್ಷಕ್ಕೆ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬೇರೆ ಯಾವನಿಗೋ ನಿಲ್ಲು ಎನ್ನುವವನು ನಾನೇ. ನನಗೆ ಕಾದಿರಿಸಿದ ಬಹುಮಾನ ಅದು.

ಗಾಲಿ ಕಟ್ಟಿಸಿದೆ. ಲಾಮ್ರಿ ಹೇಳಿದ್ದನ್ನೇ. ರಿಮ್ಮುಗಳು ಓರಾನಿನಿಂದ ಯಾರದೋ ಚೀಲದಲ್ಲಿ ಬಂದವು, ಹಬ್‌ಗಳನ್ನು ಮಾರ್ಸೇಲಿನಲ್ಲಿರುವ ಲಾಮ್ರಿಯ ತಮ್ಮನ ಮಗ ಬಟ್ಟೆಯಲ್ಲಿ ಸುತ್ತಿ ಕಳಿಸಿದ. ಮೂರು ಸಂಜೆ ಶೇಖ್ ಕಟ್ಟುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಸ್ಪೋಕುಗಳನ್ನು ಒಂದೊಂದಾಗಿ ಕೈಗೆ ಕೊಟ್ಟೆ. ಬಿಗಿ ಮಾಡುತ್ತಾ, ಮೀಟುತ್ತಾ, ಬೆಂಡ್ ತೆಗೆಯುತ್ತಾ ಹೋದ. ಮೂರನೆಯ ಸಂಜೆ ಗಾಲಿ ತಿರುಗಿಸಿ ಬಿಟ್ಟರೆ ಅದು ನಿಲ್ಲಲೇ ಒಲ್ಲದು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

"ಒಂದು ಉಪಾಯ ಇದೆ," ಎಂದ ಶೇಖ್. ಡಬ್ಬಿಯಲ್ಲಿ ಕೈಯಾಡಿಸಿ ನಾಲ್ಕು ನಟ್ಟು ತೆಗೆದ. "ಗಾಲಿ ಕಳಚೋ ಲಿವರ್ ಇದೆಯಲ್ಲ, ಅದು ಬೇಡ. ಅಚ್ಚು ಬದಲಾಯಿಸಿ ಹಳೇ ಕಾಲದ ಹಾಗೆ ನಟ್ ಹಾಕ್ತೀನಿ. ಹದಿನೈದರ ಸ್ಪ್ಯಾನರ್ ಇಲ್ಲದೆ ಯಾರಪ್ಪ ಬಂದ್ರೂ ರಸ್ತೇಲಿ ಬಿಚ್ಚೋಕಾಗಲ್ಲ. ಸ್ಪ್ಯಾನರ್ ತರೋ ಹೊತ್ತಿಗೆ ರೇಸು ಊರು ದಾಟಿರುತ್ತೆ."

"ನಂಗೇ ಪಂಕ್ಚರ್ ಆದ್ರೆ?"

"ನಿಂದೂ ಅಲ್ಲಿಗೇ ಮುಗೀತು. ಆದ್ರೆ ವಾಯಿಲ್ ಕೈಗಂತೂ ಸಿಗಲ್ಲ."

ಹಾಕು ಎಂದೆ. ಎಷ್ಟು ಖುಷಿಯಾಗಿತ್ತೆಂದರೆ ಅವನ ತಲೆಗೆ ಮುತ್ತಿಟ್ಟು ಬಂದೆ. ಆ ನಾಲ್ಕು ನಟ್ಟುಗಳ ಬಲದ ಮೇಲೆ ಒಂದು ವಾರ ರಾಜನ ಹಾಗೆ ತುಳಿದೆ. ಗಾಲಿ ಹೇಳಿದ ಮಾತು ಕೇಳುತ್ತಿತ್ತು. ಒತ್ತಿದರೆ ಹೊರಡುತ್ತಿತ್ತು, ಪಕ್ಕದ ಗಾಳಿಗೆ ಅಲುಗುತ್ತಿರಲಿಲ್ಲ. ಎಂಟನೆಯ ದಿನ ಐನ್ ಅರ್ನಾತ್ ದಾಟಿ ಗೋಧಿ ಹೊಲಗಳ ನಡುವೆ ಬರುವಾಗ ಮುಂದಿನ ಟಯರು ಪಂಕ್ಚರಾಯಿತು. ಸ್ಪ್ಯಾನರ್ ಮನೆಯಲ್ಲಿತ್ತು. ಒಂಬತ್ತು ಕಿಲೋಮೀಟರ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆ. ದಾರಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕ, "ಅದನ್ನ ಸಾಕ್ತಿದೀಯಾ ಇಲ್ಲಾ ಮಾರೋಕೆ ಹೊರಟಿದೀಯಾ?" ಎಂದು ಕೇಳಿದ.

ಝೊಹ್ರಾ ಅಡುಗೆಮನೆಯಲ್ಲಿ ರವೆ ನಾದುತ್ತಿದ್ದಳು. ಕಾಲುಚೀಲ ಬಿಚ್ಚುತ್ತ ನಡೆದದ್ದನ್ನೆಲ್ಲ ಹೇಳಿದೆ, ನಟ್ಟಿನ ಉಪಾಯವನ್ನೂ ಹೇಳಿದೆ. ಅದನ್ನು ಅವಳಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

"ಅವ್ರು ಗಾಲಿ ಕೊಡು ಅಂದಾಗ ಏನಂತೀಯ?"

"ಬಿಚ್ಚೋಕಾಗಲ್ಲ ಅಂತೀನಿ."

"ಓ. ಬಿಚ್ಚೋಕಾಗಿದ್ರೆ ಕೊಡ್ತಿದ್ದೆ."

"ಹಂಗಲ್ಲ."

"ಮತ್ತೆ ಹೆಂಗೆ? ಕೊಡಲ್ಲ ಅನ್ನೋಕೆ ನಿಂಗೆ ಬಾಯಿಲ್ಲ, ಅದನ್ನ ನಾಲ್ಕು ನಟ್ಟಿನ ಕೈಲಿ ಹೇಳಿಸ್ತಿದೀಯ. ಅವ್ರೇನು ಕಮ್ಮಿ ಬುದ್ಧಿವಂತರಾ? ಮುಂದಿನ ರೇಸಿಗೆ ಮೋಟರ್‌ಸೈಕಲ್‌ನಲ್ಲಿ ಒಂದು ಸ್ಪ್ಯಾನರ್ ಇಟ್ಕೊಂಡು ಬರ್ತಾರೆ. ಆವಾಗ ಏನು ಮಾಡ್ತೀಯ, ವೆಲ್ಡಿಂಗ್ ಹಾಕಿಸ್ತೀಯಾ?"

"ಕೊಡಲ್ಲ ಅಂದ್ರೆ ಕೆಲಸ ಹೋಗುತ್ತೆ ಝೊಹ್ರಾ."

"ಹೋಗುತ್ತೆ."

ಹೋಗಲಿ ಎನ್ನಲಿಲ್ಲ. ಅವಳು ಸುಳ್ಳು ಧೈರ್ಯ ಹೇಳುವವಳಲ್ಲ. ನಾದುವುದನ್ನೂ ನಿಲ್ಲಿಸಲಿಲ್ಲ. ಮನೆಯ ಬಾಡಿಗೆ ಎಷ್ಟು, ಅವಳ ಹೊಲಿಗೆಯಿಂದ ಬರುವುದೆಷ್ಟು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಅಡುಗೆಮನೆಗೆ ಒಂದೇ ಕಿಟಕಿ, ಅದೂ ಎದುರು ಗೋಡೆಗೆ ತೆರೆಯುತ್ತದೆ.

ಮರುದಿನ ಲಾಮ್ರಿಯ ಬಳಿಗೆ ಹೋಗಿ, "ನಟ್ ತೆಗೆದು ಲಿವರ್ ಹಾಕು ಶೇಖ್," ಎಂದೆ.

"ಪಂಕ್ಚರಿಗೆ ಹೆದರಿದ್ಯಾ?"

"ಅದಕ್ಕೂ ಹೆದರಿದೆ."

ಇನ್ನೇನಕ್ಕೆ ಎಂದು ಅವನು ಕೇಳಲಿಲ್ಲ. ಅಚ್ಚು ಬದಲಾಯಿಸಿದ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ರೇಸಿನ ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೇ ಗಾಳಿ ಎದ್ದಿತ್ತು. ಹೊರಡುವ ಚೌಕದಲ್ಲಿ ಕಟ್ಟಿದ್ದ ಬಟ್ಟೆಯ ಕಮಾನು ಹರಿದು ಪಟಪಟ ಹೊಡೆದುಕೊಳ್ಳುತ್ತಿತ್ತು. ಹೆಸರು ನೋಂದಾಯಿಸುವ ಮೇಜಿನ ಮೇಲೆ ಕಾಗದಗಳು ಹಾರದಂತೆ ಕಲ್ಲು ಹೇರಿದ್ದರು. ಅಂದಿನ ದಾರಿ ನೂರ ಮೂವತ್ತು ಕಿಲೋಮೀಟರ್ ಬಯಲು, ಗಾಳಿಯೆಲ್ಲ ಎಡಗಡೆಯಿಂದ. ನನಗೆ ನಗು ಬಂತು. ಹನ್ನೆರಡು ಮಿಲಿಯನ್ನಿಗೆ ನಾನು ಕೊಂಡದ್ದು ಈ ದಿನಕ್ಕೇ ಎನ್ನುವಂತಿತ್ತು. ಬೆನ್ನಿಗೆ ನಂಬರು ಚುಚ್ಚಿಸಿಕೊಂಡು ಸೈಕಲ್ ಹತ್ತಿ, ಒಂದು ಕಾಲನ್ನು ನೆಲಕ್ಕೂರಿ ನಿಂತಿದ್ದೆ.

ವಾಯಿಲ್ ಮೈ ಬಿಸಿ ಮಾಡಿಕೊಳ್ಳಲು ಒಂದು ಸುತ್ತು ಹೋಗಿ ವಾಪಸು ಬಂದ. ಮುಖ ಬಿಳಿಚಿಕೊಂಡಿತ್ತು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಪೇಟೆಯ ಎತ್ತರದ ಕಪ್ಪು ರಿಮ್ಮನ್ನು ಗಾಳಿ ಹಿಡಿದು ಅವನನ್ನು ಎರಡು ಸಲ ಚರಂಡಿಗೆ ನೂಕಿತ್ತಂತೆ. ಅವನು ಕೆಟ್ಟವನಲ್ಲ. ಇಪ್ಪತ್ತೊಂದು ವರ್ಷ. ಯಾರೂ ಅವನನ್ನು ನಿನಗೆ ಇದು ಬೇಕೇ ಎಂದು ಕೇಳಿದವರಿಲ್ಲ.

"ನಾನಿವತ್ತು ಓಡಲ್ಲ ಸಿ ತಾಹರ್," ಎಂದು ಅವನು ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ಮಾಮನಿಗೆ ಹೊಟ್ಟೆನೋವು ಅಂತ ಹೇಳಿಬಿಡಿ."

"ಸುಮ್ನಿರು," ಎಂದ ಸಿ ತಾಹರ್. ನನ್ನ ಗಾಲಿಗಳನ್ನು ನೋಡಿದ, ಆಮೇಲೆ ನನ್ನನ್ನು. ಮೆಕ್ಯಾನಿಕ್ಕಿಗೆ ಕೈ ಮಾಡಿ ಕರೆದ. "ಬ್ರೇಕಿನ ರಬ್ಬರ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

"ಕಾರ್ಬನ್‌ಗೆ ಬೇರೆ, ಅಲ್ಯೂಮಿನಿಯಮ್‌ಗೆ ಬೇರೆ. ಎರಡು ಸೈಕಲ್‌ಗೂ ಸೇರಿ ಐದು ನಿಮಿಷ."

"ಲಖ್ದರ್, ಇಳಿ. ಗಾಳಿ ನೋಡ್ತಿದೀಯಲ್ಲ. ನಿನ್ನ ಗಾಲಿ ವಾಯಿಲ್‌ಗೆ, ಅವನದು ನಿಂಗೆ. ಮೂರು ದಿನದ ಮಟ್ಟಿಗೆ."

ಈ ಸಲ ಪಂಕ್ಚರಿಗೂ ಕಾಯಲಿಲ್ಲ. ಏರಿಗೂ ಕಾಯಲಿಲ್ಲ. ಗಾಲಿಯನ್ನು ಎಷ್ಟು ಸರಿಯಾಗಿ ಆರಿಸಿದ್ದೆನೆಂದರೆ ಅದು ಒಂದು ಮಾರು ಉರುಳುವ ಮೊದಲೇ ಬೇರೆಯವನದಾಗಿತ್ತು. ಪಕ್ಕದಲ್ಲಿ ನಮ್ಮ ತಂಡದ ಉಳಿದ ಐವರಿದ್ದರು. ಒಬ್ಬ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಇನ್ನೊಬ್ಬ ತನ್ನ ಗಾಲಿಯ ಗಾಳಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ, ಮತ್ತೆ ನೋಡಿದ. ನಾನೂ ಎಷ್ಟೋ ಸಲ ಹಾಗೆ ನನ್ನ ಟಯರನ್ನು ಒತ್ತಿ ನೋಡಿದ್ದೇನೆ, ಬೇರೆಯವರ ಸರದಿ ಬಂದಾಗ.

ಮೆಕ್ಯಾನಿಕ್ ಬಗ್ಗಿ ಮುಂದಿನ ಗಾಲಿಯ ಲಿವರಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಏನು?" ಎಂದ ಸಿ ತಾಹರ್.

"ಕೊಡಲ್ಲ."

"ಏನಂದೆ?"

"ಗಾಲಿ ಕೊಡಲ್ಲ ಸಿ ತಾಹರ್."

ಅವನ ಕೈಯಲ್ಲಿ ನಮ್ಮ ಏಳೂ ಜನರ ಪರವಾನಗಿಗಳ ಕಟ್ಟಿತ್ತು. ಇನ್ನೂ ಮೇಜಿಗೆ ಕೊಟ್ಟಿರಲಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿ ಒಂದೊಂದಾಗಿ ಸರಿಸಿ, ನನ್ನ ಫೋಟೋ ಇದ್ದುದನ್ನು ಹೊರಗೆಳೆದು ಕೋಟಿನ ಒಳಜೇಬಿಗೆ ಹಾಕಿಕೊಂಡ. ಉಳಿದ ಆರನ್ನು ಮತ್ತೆ ಕಟ್ಟಿದ. ದನಿಯಲ್ಲಿ ಅದೇ ಮೃದುತನವಿತ್ತು.

"ನೋಡಪ್ಪಾ, ಜನ ನೋಡ್ತಿದಾರೆ. ನಿಂಗೂ ಮರ್ಯಾದೆ, ನಂಗೂ ಮರ್ಯಾದೆ. ರೇಸು ಮುಗಿದ ಮೇಲೆ ಭಟ್ಟಿಗೆ ಬರಬೇಕು ತಾನೇ? ಪರವಾನಗಿ ಇಲ್ಲದೆ ನೀನು ಈ ಗೆರೆ ದಾಟೋಕಾಗಲ್ಲ. ಗಾಲಿ ಇಟ್ಕೊಂಡು ಏನು ಮಾಡ್ತೀಯ? ಇಳಿ."

ಮೈಕಿನಲ್ಲಿ ಸವಾರರೆಲ್ಲ ಗೆರೆಗೆ ಬರಬೇಕೆಂದು ಕೂಗಿದರು. ಸುತ್ತಲಿನ ಸೈಕಲ್ಲುಗಳು ಮುಂದೆ ಸರಿದವು. ಮೆಕ್ಯಾನಿಕ್ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು, ಎದ್ದು ನಿಂತು, ಯಾರ ಕಡೆಗೂ ನೋಡದೆ ಎರಡು ಹೆಜ್ಜೆ ಹಿಂದೆ ಸರಿದ.

"ಇಳಿ ಅಂದೆ."

ನೆಲಕ್ಕೂರಿದ್ದ ಕಾಲನ್ನು ಎತ್ತಿ ಪೆಡಲಿನ ಮೇಲಿಟ್ಟೆ.

"ಇಳಿಯಲ್ಲ."